ಅನ್ನ ಗೆದ್ದದ್ದು, ಅನ್ನ ಗೆಲ್ಲಲಾರದ್ದು

ತಮಿಳುನಾಡಿನ ಹಳ್ಳಿಮಕ್ಕಳನ್ನು ಶಾಲೆಗೆ ಕರೆತಂದದ್ದು ಬಿಸಿಯೂಟ. ಆದರೆ ಆ ಅಡುಗೆಮನೆಯ ಬಾಗಿಲಲ್ಲಿ ಜಾತಿ ಇಂದಿಗೂ ಅಡ್ಡ ನಿಂತಿದೆ.

1920ರ ಸೆಪ್ಟೆಂಬರ್‌ನಲ್ಲಿ ಮದ್ರಾಸ್ ನಗರಸಭೆ ಒಂದು ಸಣ್ಣ ನಿರ್ಣಯ ಕೈಗೊಂಡಿತು. ಥೌಸಂಡ್ ಲೈಟ್ಸ್ ಬಡಾವಣೆಯ ನಗರಸಭೆ ಶಾಲೆಯಲ್ಲಿ ಓದುವ ಮಕ್ಕಳಿಗೆ, ದಿನಕ್ಕೆ ತಲಾ ಒಂದು ಆಣೆ ಮೀರದಂತೆ ತಿಂಡಿ ಕೊಡಬೇಕು ಎಂಬುದು ಅದರ ಸಾರ. ಆಗ ನಗರಸಭೆಯ ಅಧ್ಯಕ್ಷರಾಗಿದ್ದವರು ಜಸ್ಟಿಸ್ ಪಕ್ಷದ ಪಿಟ್ಟಿ ತ್ಯಾಗರಾಯ ಚೆಟ್ಟಿ. ಶಿಕ್ಷಣದ ಹಣವನ್ನು ಊಟಕ್ಕೆ ಖರ್ಚು ಮಾಡುವಂತಿಲ್ಲ ಎಂದು ಬ್ರಿಟಿಷ್ ಸರ್ಕಾರ ತಡೆದದ್ದರಿಂದ ಕೆಲವೇ ವರ್ಷಗಳಲ್ಲಿ ತಿಂಡಿ ನಿಂತುಹೋಯಿತು. ಆದರೂ ಹೊಟ್ಟೆಗೂ ಪಾಠಕ್ಕೂ ಇರುವ ನಂಟನ್ನು ಆಡಳಿತವೊಂದು ಒಪ್ಪಿಕೊಂಡದ್ದು ದಾಖಲೆಯಲ್ಲಿ ಉಳಿಯಿತು.

ಹಳ್ಳಿಯ ಮಾತು ಇಷ್ಟು ಸರಳವಾಗಿರಲಿಲ್ಲ. ಅಲ್ಲಿ ಮೇಲ್ಜಾತಿಯವರು ‘ಊರಿ’ನಲ್ಲಿ, ದಲಿತರು ಅದರಾಚೆಯ ‘ಸೇರಿ’ಯಲ್ಲಿ. ಶಾಲೆ ಇದ್ದದ್ದು ಊರಿನಲ್ಲಿ. ಚೆಂಗಲ್ಪಟ್ಟಿನ ಕಲೆಕ್ಟರ್ ಟ್ರೆಮೆನ್‌ಹೀರ್ 1891ರಲ್ಲಿ ದಲಿತ ಸಮುದಾಯವಾದ ಪರೈಯರ ದುಸ್ಥಿತಿಯ ಬಗ್ಗೆ ಬರೆದ ವರದಿಯ ನಂತರವೇ ಸರ್ಕಾರ ಅವರ ಭೂಮಿ ಮತ್ತು ಓದಿನ ಕಡೆ ಕಣ್ಣು ಹಾಯಿಸಿದ್ದು. ಆಮೇಲೂ ಅವರ ಪಾಲಿಗೆ ಬಂದದ್ದು ಬಹುಮಟ್ಟಿಗೆ ಪ್ರತ್ಯೇಕ ಶಾಲೆಗಳೇ.

ತಮ್ಮ ಶಾಲೆಯನ್ನು ತಾವೇ ಕಟ್ಟಿಕೊಂಡ ಸಮುದಾಯಗಳೂ ಇದ್ದವು. ದೇವಸ್ಥಾನದೊಳಗೆ ಕಾಲಿಡಲು ಬಿಡದಿದ್ದ ಕಾಲದಲ್ಲಿ ವಿರುದುನಗರದ ನಾಡಾರರು ಮನೆಮನೆಯಿಂದ ದಿನಕ್ಕೊಂದು ಹಿಡಿ ಅಕ್ಕಿ ಕೂಡಿಸಿ ಕ್ಷತ್ರಿಯ ವಿದ್ಯಾಶಾಲೆಯನ್ನು ನಡೆಸಿದರು. ಅಲ್ಲಿ ಓದಿದ ಹುಡುಗನೊಬ್ಬ ಆರನೇ ವಯಸ್ಸಿಗೆ ತಂದೆಯನ್ನು ಕಳೆದುಕೊಂಡ. ಮುಂದೆ ಓದು ಬಿಟ್ಟು ಸೋದರಮಾವನ ಬಟ್ಟೆ ಅಂಗಡಿಗೆ ಸೇರಿದ. ಅವನೇ ಕಾಮರಾಜ್.

ಕುಲಕಸುಬಿನ ಪಾಠದಿಂದ ಬಿಸಿಯೂಟಕ್ಕೆ

1953ರಲ್ಲಿ ಮುಖ್ಯಮಂತ್ರಿ ರಾಜಾಜಿ ಹಳ್ಳಿಯ ಪ್ರಾಥಮಿಕ ಶಾಲೆಗಳಿಗೆ ಹೊಸ ಯೋಜನೆ ತಂದರು. ಅದರ ಪ್ರಕಾರ ಮಕ್ಕಳು ಅರ್ಧ ದಿನ ಶಾಲೆಯಲ್ಲಿ ಓದಬೇಕು, ಉಳಿದರ್ಧ ದಿನ ಮನೆಯಲ್ಲಿ ಹೆತ್ತವರ ಕಸುಬು ಕಲಿಯಬೇಕು. ಪೆರಿಯಾರ್ ಮತ್ತು ದ್ರಾವಿಡ ಚಳವಳಿಯವರು ಅದನ್ನು ‘ಕುಲಕಲ್ವಿ’ (ಕುಲದ ಓದು) ಎಂದು ಕರೆದು ಬೀದಿಗಿಳಿದರು. ಅಗಸನ ಮಗ ಬಟ್ಟೆಯನ್ನೇ ಒಗೆಯಬೇಕು, ಜೀತದಾಳಿನ ಮಗ ಒಡೆಯನ ಗದ್ದೆಯಲ್ಲೇ ಬಗ್ಗಬೇಕು ಎಂಬುದೇ ಇದರ ಅರ್ಥ ಎಂದು ಅವರು ಕಂಡರು. ಹೆಣ್ಣುಮಕ್ಕಳಿಗಂತೂ ಆ ಅರ್ಧ ದಿನ ಎಂದರೆ ಒಲೆ, ನೀರು, ತಮ್ಮ ತಂಗಿಯರ ಆರೈಕೆ. 1954ರಲ್ಲಿ ರಾಜಾಜಿ ಕೆಳಗಿಳಿದರು. ಕಾಮರಾಜ್ ಮುಖ್ಯಮಂತ್ರಿಯಾದ ಬೆನ್ನಿಗೇ ಯೋಜನೆ ರದ್ದಾಯಿತು.

ಕಾಮರಾಜ್ ಹಳ್ಳಿಹಳ್ಳಿಗೆ ಶಾಲೆ ಕೊಟ್ಟರು. ಶಿಕ್ಷಣ ಇಲಾಖೆಯ ನಿರ್ದೇಶಕ ಎನ್.ಡಿ. ಸುಂದರವಡಿವೇಲು ಅವರೊಡಗೂಡಿ, ಊರವರ ದೇಣಿಗೆಯನ್ನೂ ಸೇರಿಸಿ, 1956ರಿಂದ ಮಧ್ಯಾಹ್ನದ ಊಟ ಆರಂಭಿಸಿದರು. ಒಂದು ಸಮುದಾಯ ಹಿಡಿ ಅಕ್ಕಿಯಿಂದ ಮಾಡಿದ ಕೆಲಸ ಹೀಗೆ ಸರ್ಕಾರದ ಹೊಣೆಯಾಯಿತು.

ಹಸಿವನ್ನು ತಾವೇ ಕಂಡಿದ್ದ ಮುಖ್ಯಮಂತ್ರಿ ಎಂ.ಜಿ.ಆರ್. 1982ರ ಜುಲೈ 1ರಂದು ತಿರುಚಿರಾಪಳ್ಳಿ ಬಳಿಯ ಪಾಪ್ಪಾಕುರಿಚ್ಚಿಯಲ್ಲಿ ‘ಸತ್ತುಣವು’ (ಪೌಷ್ಟಿಕ ಊಟ) ಯೋಜನೆಗೆ ಚಾಲನೆ ಕೊಟ್ಟು ಬಿಸಿಯೂಟವನ್ನು ಅಗಾಧವಾಗಿ ಹಿಗ್ಗಿಸಿದರು. ಒಂದೊಂದು ಕೇಂದ್ರಕ್ಕೆ ಸಂಘಟಕಿ, ಅಡುಗೆಯಾಕೆ, ಸಹಾಯಕಿ ಎಂದು ಮೂವರು. ಗಂಡ ತೀರಿಕೊಂಡವರಿಗೆ, ಗಂಡ ಬಿಟ್ಟುಹೋದವರಿಗೆ, ದಿಕ್ಕಿಲ್ಲದ ಹೆಂಗಸರಿಗೆ ಆದ್ಯತೆ. ಮಕ್ಕಳ ಹೊಟ್ಟೆ ತುಂಬಿಸುವ ಯೋಜನೆ ಬಡ ಹೆಂಗಸರ ಕೈಗೆ ಕೆಲಸವನ್ನೂ ಕೊಟ್ಟಿತು. ಆದರೆ ಅದು ಕಾಯಂ ಕೆಲಸವಾಗಿರಲಿಲ್ಲ. ಕಾಯಂ ನೌಕರರ ಸಂಬಳ, ಪಿಂಚಣಿಗಾಗಿ ಅವರ ಹೋರಾಟ ಮುಗಿದಿಲ್ಲ.

ಮದುವೆಯ ಹಣದಿಂದ ಓದಿನ ಹಣಕ್ಕೆ

ಊಟಕ್ಕೆಂದು ಶಾಲೆಗೆ ಬಂದ ಹುಡುಗಿ ದೊಡ್ಡವಳಾಗುತ್ತಲೇ ಮನೆಗೆ ಮರಳುತ್ತಿದ್ದಳು. ಶಿವಕಾಶಿಯ ಬೆಂಕಿಪೊಟ್ಟಣದ ಕೆಲಸ ಅವಳನ್ನು ಕರೆಯುತ್ತಿತ್ತು. ಕೊಯಮತ್ತೂರು, ತಿರುಪ್ಪೂರು, ದಿಂಡಿಗಲ್ ಸೀಮೆಯ ನೂಲಿನ ಗಿರಣಿಗಳು ‘ಸುಮಂಗಲಿ’ ಎಂಬ ಹೆಸರಿನಲ್ಲಿ, ಕೆಲವು ವರ್ಷ ದುಡಿದರೆ ವರದಕ್ಷಿಣೆಗಾಗುವಷ್ಟು ಇಡಿಗಂಟು ಕೊಡುತ್ತೇವೆಂದು ಹದಿಹರೆಯದವರನ್ನು ಕರೆದೊಯ್ದವು. ಅಲ್ಲಿಗೆ ಹೋದವರಲ್ಲಿ ದಲಿತ, ಹಿಂದುಳಿದ ಮನೆಗಳ ಹುಡುಗಿಯರೇ ಹೆಚ್ಚು.

ಸರ್ಕಾರವೂ ಮೊದಲು ಮದುವೆಯ ದಾರಿಯನ್ನೇ ಹಿಡಿದಿತ್ತು. ದೇವದಾಸಿ ಪದ್ಧತಿಯ ವಿರುದ್ಧ ಹೋರಾಡಿದ ಮೂವಲೂರು ರಾಮಾಮಿರ್ದಂ ಅಮ್ಮೈಯಾರ್ ಹೆಸರಿನಲ್ಲಿ 1989ರಲ್ಲಿ ಬಂದ ಯೋಜನೆ, ಎಂಟನೇ ತರಗತಿವರೆಗೆ ಓದಿದ ಬಡ ಹುಡುಗಿಯ ಮದುವೆಗೆ 5,000 ರೂಪಾಯಿ ಕೊಡುತ್ತಿತ್ತು. 2022ರಲ್ಲಿ ಅದು ‘ಪುದುಮೈ ಪೆಣ್’ (ಹೊಸ ಕಾಲದ ಹೆಣ್ಣು) ಆಗಿ ಬದಲಾಯಿತು. ಸರ್ಕಾರಿ ಶಾಲೆಯಲ್ಲಿ ಓದಿ ಕಾಲೇಜು ಸೇರಿದ ಹುಡುಗಿಗೆ ಈಗ ತಿಂಗಳಿಗೆ 1,000 ರೂಪಾಯಿ. ಹಣ ಮದುವೆ ಚಪ್ಪರದಿಂದ ತರಗತಿಗೆ ಬರಲು 33 ವರ್ಷ ಹಿಡಿಯಿತು. 2021–22ರ ಅಖಿಲ ಭಾರತ ಸಮೀಕ್ಷೆಯಂತೆ ಉನ್ನತ ಶಿಕ್ಷಣದ ಒಟ್ಟು ದಾಖಲಾತಿ ಪ್ರಮಾಣ ದೇಶದಲ್ಲಿ ಶೇ 28.4 ಇದ್ದರೆ ತಮಿಳುನಾಡಿನಲ್ಲಿ ಶೇ 47.

ಸೌಟು ಯಾರ ಕೈಯಲ್ಲಿ?

ಇಷ್ಟೆಲ್ಲ ಗೆದ್ದ ನಾಡಿನಲ್ಲೇ, 2018ರಲ್ಲಿ ತಿರುಪ್ಪೂರು ಜಿಲ್ಲೆಯ ತಿರುಮಲೈಗೌಂಡನ್‌ಪಾಳೈಯಂ ಶಾಲೆಯಲ್ಲಿ ದಲಿತ ಮಹಿಳೆ ಅಡುಗೆ ಮಾಡಬಾರದೆಂದು ಮೇಲ್ಜಾತಿಯ ಪೋಷಕರು ಹಟ ಹಿಡಿದರು. ಅಧಿಕಾರಿಗಳು ವರ್ಗ ಮಾಡಿದ್ದು ಆ ಮಹಿಳೆಯನ್ನೇ. ಪ್ರತಿಭಟನೆ ಎದ್ದ ಮೇಲೆ ಆದೇಶ ರದ್ದಾಯಿತು. 2023ರಲ್ಲಿ ಕವಿ ಸುಬ್ರಹ್ಮಣ್ಯ ಭಾರತಿ ಹುಟ್ಟಿದ ಎಟ್ಟಯಪುರದ ಬಳಿಯ ಉಸಿಲಂಪಟ್ಟಿಯ ಶಾಲೆಯಲ್ಲಿ, ದಲಿತ ಮಹಿಳೆ ಮಾಡಿದ ಬೆಳಗಿನ ತಿಂಡಿಯನ್ನು ಮಕ್ಕಳು ಮುಟ್ಟಲಿಲ್ಲ. ಸಂಸದೆ ಕನಿಮೋಳಿಯೇ ಬಂದು ಮಕ್ಕಳೊಂದಿಗೆ ಕೂತು ಉಣ್ಣಬೇಕಾಯಿತು. ಅದೇ ವರ್ಷ ನಾಂಗುನೇರಿಯಲ್ಲಿ ಚೆನ್ನಾಗಿ ಓದುತ್ತಿದ್ದ ದಲಿತ ಹುಡುಗನನ್ನು ಶಾಲೆಯ ಹುಡುಗರೇ ಮನೆಗೆ ನುಗ್ಗಿ ಕೊಚ್ಚಿದರು. ತಡೆಯಲು ಬಂದ ತಂಗಿಯೂ ಗಾಯಗೊಂಡಳು. ನಂತರ ನೇಮಕವಾದ ನ್ಯಾಯಮೂರ್ತಿ ಕೆ. ಚಂದ್ರು ಸಮಿತಿ, ಜಾತಿ ಸಾರುವ ಬಣ್ಣದ ಕೈದಾರಗಳನ್ನು ನಿಷೇಧಿಸಬೇಕು, ಶಾಲೆಗಳ ಹೆಸರಿನಿಂದ ಜಾತಿಸೂಚಕ ಪದಗಳನ್ನು ತೆಗೆಯಬೇಕು ಎಂದು 2024ರಲ್ಲಿ ಶಿಫಾರಸು ಮಾಡಿತು.

ಬಡತನ ಒಂದು ಕೊರತೆ. ಅಕ್ಕಿ, ಮೊಟ್ಟೆ, ಸಮವಸ್ತ್ರ, ಸೈಕಲ್ ಕೊಟ್ಟು ಅದನ್ನು ತುಂಬಬಹುದು. ಜಾತಿ ಕೆಲವರ ಪಾಲಿಗೆ ಆಸ್ತಿ. ಅದನ್ನು ಅವರ ಕೈಯಿಂದ ಬಿಡಿಸಬೇಕು. ಸರ್ಕಾರ ಕೊಡುವುದನ್ನು ಕಲಿತಷ್ಟು ಬಿಡಿಸುವುದನ್ನು ಕಲಿಯಲಿಲ್ಲ. ಶಾಲೆಯ ಅಡುಗೆಯಾಕೆ ಬಡವಳು, ಹೆಂಗಸು, ಎಷ್ಟೋ ಕಡೆ ದಲಿತಳು. ಮೂರೂ ಭಾರ ಒಂದೇ ಹೆಗಲ ಮೇಲೆ ಬೀಳುವುದು ಅಲ್ಲಿ.

ಸುಪ್ರೀಂ ಕೋರ್ಟ್ 2001ರಲ್ಲಿ ಎಲ್ಲ ರಾಜ್ಯಗಳಿಗೂ ಬಿಸಿಯೂಟವನ್ನು ಕಡ್ಡಾಯ ಮಾಡಿತು. ನಮ್ಮ ಕರ್ನಾಟಕದ ಬಿಸಿಯೂಟ ಯೋಜನೆ ಅಕ್ಷರ ದಾಸೋಹ 2002ರಲ್ಲಿ ರಾಜ್ಯದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಶುರುವಾಯಿತು. ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಬೇಕೆಂದು ಅದೇ ನ್ಯಾಯಾಲಯ 2004ರಲ್ಲಿ ಹೇಳಿತು. ದಲಿತರ ಅಡುಗೆ ಬೇಡವೆಂದು ಮಕ್ಕಳನ್ನು ಶಾಲೆ ಬಿಡಿಸಿದ ವರದಿಗಳು ಕರ್ನಾಟಕದಲ್ಲೂ ಬಂದಿವೆ. ಆದ್ದರಿಂದ ಈ ಮಾತು ನಮಗೂ ಸಲ್ಲುತ್ತದೆ. ಅಡುಗೆಯಾಕೆಯ ಕೆಲಸ ಕಾಯಂ ಆಗಲಿ. ಯಾರದೋ ಮಡಿಗಾಗಿ ಅವಳನ್ನು ವರ್ಗ ಮಾಡುವ ಅಧಿಕಾರಿಯ ಮೇಲೆ ಮೊಕದ್ದಮೆ ಹೂಡಲಿ. ಒಂದು ಊರು ಮಕ್ಕಳನ್ನು ಕಳಿಸುವುದಿಲ್ಲ ಎಂದರೂ ಒಲೆ ಉರಿಯುತ್ತಿರಲಿ, ಸೌಟು ಅವಳ ಕೈಯಲ್ಲೇ ಇರಲಿ. ಸಮಾನತೆ ಪಠ್ಯಪುಸ್ತಕಕ್ಕಿಂತ ಮೊದಲು ಊಟದ ಪಂಕ್ತಿಯಲ್ಲಿ ಕಲಿಯಬೇಕಾದ ಪಾಠ. ಅದನ್ನು ಕಲಿಸಲಾರದ ಶಾಲೆಗೆ ಮಕ್ಕಳು ಬಂದರೂ, ಶಿಕ್ಷಣ ಇನ್ನೂ ಬಂದಿಲ್ಲ.