ಕೈಗೆ ಮೊದಲು ಬರುವ ವಿದ್ಯೆ, ಕಣ್ಣಿಗೆ ಮೊದಲು ಬರುವ ಮುಪ್ಪು

ಡೊಂಬಿವಲಿ, ಕಲ್ಯಾಣ್, ಥಾಣೆಯ ಎಷ್ಟೋ ಕನ್ನಡ ಮನೆಗಳಲ್ಲಿ ಈಗ ಮೂರು ತಲೆಮಾರಿನ ಡ್ರೈವರುಗಳಿದ್ದಾರೆ. ಸ್ಟೇರಿಂಗಿನ ಪಕ್ಕದ ಕಡ್ಡಿ ಎಳೆದು ಗೇರು ಹಾಕುತ್ತ ಪ್ರೀಮಿಯರ್ ಪದ್ಮಿನಿಯಲ್ಲಿ ಕಲಿತ ಅಜ್ಜ, ಮಾರುತಿ 800ರಲ್ಲಿ ಕಲಿತ ಅಪ್ಪ, ಕ್ಲಚ್ಚೇ ಇಲ್ಲದ ಗಾಡಿಯಲ್ಲಿ ಕಲಿಯುತ್ತಿರುವ ಮಗಳು. ಮೂವರೂ ಓಡಿಸುವುದು ಅದೇ ಕಲ್ಯಾಣ್–ಶಿಳ್ ರಸ್ತೆಯಲ್ಲಿ, ಅದೇ ಥಾಣೆ–ಬೇಲಾಪುರ ರಸ್ತೆಯಲ್ಲಿ. ಆದರೆ ಆ ರಸ್ತೆಯಲ್ಲಿ ಮೂವರಿಗೂ ಕಾಣುವುದು ಒಂದೇ ಅಲ್ಲ. ಇದು ಬರೀ ಸ್ವಭಾವದ ಮಾತಲ್ಲ, ಮಿದುಳು ಮತ್ತು ಕಣ್ಣಿನ ಮಾತು. ವಿಜ್ಞಾನ ಇದನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಅಳೆಯುತ್ತ ಬಂದಿದೆ.

ಡ್ರೈವಿಂಗ್ ಅನ್ನುವುದು ಒಂದೇ ವಿದ್ಯೆಯಲ್ಲ. ಅದರಲ್ಲಿ ಕೈಕಾಲಿನ ವಿದ್ಯೆ ಬೇರೆ, ಕಣ್ಣಿನದು ಬೇರೆ, ತೀರ್ಮಾನದ್ದು ಬೇರೆ. ಇವು ಒಟ್ಟಿಗೆ ಬರುವುದಿಲ್ಲ, ಹೋಗುವಾಗಲೂ ಒಟ್ಟಿಗೆ ಹೋಗುವುದಿಲ್ಲ. ಬದುಕಿಡೀ ಗಾಡಿ ಓಡಿಸಿದವರ ಕಥೆಯೆಲ್ಲ ಈ ಹಿಂದುಮುಂದಿನಲ್ಲೇ ಇದೆ.

ಮೊದಲು ಬರುವುದು ಕೈಕಾಲಿನ ವಿದ್ಯೆ. ಡೊಂಬಿವಲಿಯ ಪೂರ್ವ–ಪಶ್ಚಿಮಗಳನ್ನು ಜೋಡಿಸುವ ಕೋಪರ್ ಸೇತುವೆಯ ಏರಿನಲ್ಲಿ ರಿಕ್ಷಾದ ಹಿಂದೆ ನಿಂತ ಹೊಸಬರನ್ನು ಗಮನಿಸಿ. ಎಡಗಾಲು ಹಾಫ್ ಕ್ಲಚ್ಚಿನಲ್ಲಿ ನಡುಗುತ್ತಿರುತ್ತದೆ, ಬಲಗಾಲಿಗೆ ಬ್ರೇಕೋ ಎಕ್ಸಲರೇಟರೋ ಎಂಬ ಗೊಂದಲ, ಗಾಡಿ ಒಂದು ಗೇಣು ಹಿಂದೆ ಜಾರುತ್ತದೆ, ಹಿಂದಿನ ಬೈಕಿನವನು ಹಾರ್ನ್ ಹೊಡೆಯುತ್ತಾನೆ. ಪ್ರತಿಯೊಂದು ಚಲನೆಯನ್ನೂ ಮನಸ್ಸಿನಲ್ಲೇ ಹೇಳಿಕೊಂಡು ಮಾಡಬೇಕಾದ ಹಂತ ಇದು. ಕೆಲವು ತಿಂಗಳು ಕಳೆಯಲಿ, ಅದೇ ಮನುಷ್ಯ ಅದೇ ಏರಿನಲ್ಲಿ ತರಕಾರಿಯ ಬೆಲೆ ಮಾತಾಡುತ್ತ ಕ್ಲಚ್ ಬಿಡುತ್ತಾನೆ. ಪಾಲ್ ಫಿಟ್ಸ್ ಮತ್ತು ಮೈಕೆಲ್ ಪೋಸ್ನರ್ 1967ರಲ್ಲಿ ಕಲಿಕೆಯ ಮೂರು ಹಂತಗಳನ್ನು ವಿವರಿಸಿದರು: ಯೋಚಿಸಿ ಮಾಡುವುದು, ಜೋಡಿಸಿ ಮಾಡುವುದು, ತಾನಾಗಿ ಆಗುವುದು. ಮೂರನೆಯ ಹಂತ ತಲುಪಿದ ಕೆಲಸವನ್ನು ಮಿದುಳಿನ ಆಳದ ಬೇಸಲ್ ಗ್ಯಾಂಗ್ಲಿಯ ಮತ್ತು ಹಿಂಬದಿಯ ಸೆರೆಬೆಲ್ಲಮ್ ನೋಡಿಕೊಳ್ಳುತ್ತವೆ. ಹೆಸರುಗಳು ಮರೆತುಹೋಗುವ ವಯಸ್ಸಿನಲ್ಲೂ ಈ ನೆನಪು ಗಟ್ಟಿಯಾಗಿ ಉಳಿಯುತ್ತದೆ. ಈ ಸಂಗತಿ ಮುಂದೆ ಬೇಕಾಗುತ್ತದೆ.

ಕೈಕಾಲು ಪಳಗಿದ ಮೇಲೂ ಕಣ್ಣು ಪಳಗಿರುವುದಿಲ್ಲ. 1972ರಲ್ಲಿ ಅಮೆರಿಕದ ಒಹಾಯೋದಲ್ಲಿ ಮೊರಂಟ್ ಮತ್ತು ರಾಕ್‌ವೆಲ್ ಎಂಬ ಸಂಶೋಧಕರು ಚಾಲಕರ ಕಣ್ಣು ಎತ್ತ ಹೊರಳುತ್ತದೆ ಎಂದು ದಾಖಲಿಸಿದರು. ಹೊಸಬರ ದೃಷ್ಟಿ ಗಾಡಿಯ ಮೂತಿಯ ಹತ್ತಿರವೇ ಸುಳಿಯುತ್ತಿತ್ತು, ಕನ್ನಡಿಯತ್ತ ಹೋದದ್ದು ಕಡಿಮೆ. ಅನುಭವಿಗಳ ನೋಟ ದೂರಕ್ಕೂ ಹೋಗುತ್ತಿತ್ತು, ಅಗಲಕ್ಕೂ ಹರಡುತ್ತಿತ್ತು. ಮುಂದೆ 1998ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಕ್ರಂಡಲ್ ಮತ್ತು ಅಂಡರ್‌ವುಡ್ ಇನ್ನೊಂದು ಸೂಕ್ಷ್ಮ ಕಂಡರು. ರಸ್ತೆ ಜಟಿಲವಾದಂತೆ ಅನುಭವಿಗಳು ಕಣ್ಣಾಡಿಸುವ ಹರವು ಹೆಚ್ಚುತ್ತದೆ, ಹೊಸಬರದು ಹೆಚ್ಚುವುದಿಲ್ಲ. ಕಾಟಯಿ ನಾಕಾದಂಥ ಕಡೆ ಇದರ ಅರ್ಥ ಏನು ನೋಡಿ. ಎಡದಿಂದ ನುಗ್ಗುವ ರಿಕ್ಷಾ, ತಪ್ಪು ದಿಕ್ಕಿನಲ್ಲಿ ಬರುವ ಸ್ಕೂಟರು, ನಿಂತ ಬಸ್ಸಿನ ಮುಂದಿನಿಂದ ಹಠಾತ್ತನೆ ಇಳಿದು ಬರುವ ಪಾದಚಾರಿ. ಹಳಬರು ಬಸ್ಸು ಕಂಡ ಕೂಡಲೇ ಕಾಣದ ಆ ಮನುಷ್ಯನಿಗಾಗಿ ಕಾಲನ್ನು ಬ್ರೇಕಿನ ಮೇಲೆ ತರುತ್ತಾರೆ. ಹೊಸಬರು ಮನುಷ್ಯ ಕಂಡ ಮೇಲೆ ತರುತ್ತಾರೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ ಗಾಡಿ ಹೆಚ್ಚುಕಡಿಮೆ 17 ಮೀಟರ್ ಸಾಗಿರುತ್ತದೆ. ಹಳಬರಿಗೂ ಹೊಸಬರಿಗೂ ಇರುವ ಅಂತರ ಆ 17 ಮೀಟರಿನಲ್ಲಿದೆ.

ಊರಿಗೆ ಹೋಗುವ ನಮ್ಮವರಿಗೆ ಗೊತ್ತಿರುವ ಇನ್ನೊಂದು ಉದಾಹರಣೆ ಕಶೇಡಿ ಘಾಟಿ. ಪನವೇಲಿನಿಂದ ಮಂಗಳೂರಿನವರೆಗೆ ಎಂಟುನೂರಕ್ಕೂ ಹೆಚ್ಚು ಕಿಲೋಮೀಟರಿನ ಹಾದಿಯಲ್ಲಿ ತಿರುವುಗಳಿಗೆ ಬರವಿಲ್ಲ. 1994ರಲ್ಲಿ ಮೈಕೆಲ್ ಲ್ಯಾಂಡ್ ಮತ್ತು ಡೇವಿಡ್ ಲೀ ಎಡಿನ್‌ಬರೋದ ತಿರುವು ರಸ್ತೆಯೊಂದರಲ್ಲಿ ಅಳೆದಾಗ, ಸ್ಟೇರಿಂಗ್ ತಿರುಗಿಸುವ ಒಂದೆರಡು ಸೆಕೆಂಡು ಮೊದಲೇ ಚಾಲಕರ ಕಣ್ಣು ತಿರುವಿನ ಒಳಅಂಚಿನ ಒಂದು ಬಿಂದುವಿನಲ್ಲಿ ನೆಟ್ಟಿರುತ್ತದೆ ಎಂದು ಕಂಡುಬಂತು. ಘಾಟಿ ಇಳಿಸುವುದು ಕೈಯ ಚಳಕ ಎಂದು ನಾವು ಹೊಗಳುತ್ತೇವೆ. ನಿಜಕ್ಕೂ ಕಣ್ಣು ಮೊದಲು ಹೋಗಿರುತ್ತದೆ, ಕೈ ಅದರ ಹಿಂದೆ ಬರುತ್ತದೆ.

ತೀರ್ಮಾನದ ವಿದ್ಯೆ ಎಲ್ಲಕ್ಕಿಂತ ತಡ. ನಮ್ಮಲ್ಲಿ 18 ತುಂಬಿದರೆ ಲೈಸೆನ್ಸು ಸಿಗುತ್ತದೆ, ಆದರೆ ಆವೇಗಕ್ಕೆ ಕಡಿವಾಣ ಹಾಕುವ ಮಿದುಳಿನ ಮುಂಭಾಗ ಬಲಿಯುವುದು ಇಪ್ಪತ್ತೈದರ ಆಸುಪಾಸಿಗೆ. 2005ರಲ್ಲಿ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಕಾರು ಓಡಿಸುವ ಕಂಪ್ಯೂಟರ್ ಆಟವೊಂದರಲ್ಲಿ ಹದಿಹರೆಯದವರನ್ನೂ ದೊಡ್ಡವರನ್ನೂ ಕೂರಿಸಿದರು. ಒಬ್ಬರೇ ಆಡುವಾಗ ಇಬ್ಬರಲ್ಲಿ ಅಷ್ಟು ವ್ಯತ್ಯಾಸವಿರಲಿಲ್ಲ. ಗೆಳೆಯರು ನೋಡುತ್ತಿದ್ದಾರೆ ಎಂದಾಗ ಹದಿಹರೆಯದವರು ಅಪಾಯಕ್ಕೆ ಒಡ್ಡಿಕೊಳ್ಳುವುದು ಬಹಳ ಹೆಚ್ಚಿತು, ದೊಡ್ಡವರಲ್ಲಿ ಹೆಚ್ಚಲಿಲ್ಲ. ವಾಶಿಯಿಂದ ಬೇಲಾಪುರಕ್ಕೆ ನೇರವಾಗಿ ಚಾಚಿಕೊಂಡ ಪಾಮ್ ಬೀಚ್ ರಸ್ತೆಯಲ್ಲಿ ರಾತ್ರಿ ನಾಲ್ವರು ಹುಡುಗರು ಒಂದೇ ಕಾರಿನಲ್ಲಿ ಹೊರಟಾಗ ಹೆತ್ತವರಿಗೆ ನಿದ್ದೆ ಬಾರದಿರುವುದಕ್ಕೆ ಕಾರಣವಿದೆ. ನ್ಯೂಜಿಲೆಂಡ್ 1987ರಲ್ಲೇ ಹೊಸ ಚಾಲಕರಿಗೆ ರಾತ್ರಿ ಪ್ರಯಾಣ ಮತ್ತು ಸಹಪ್ರಯಾಣಿಕರ ಮೇಲೆ ಮಿತಿ ಹಾಕಿ, ಲೈಸೆನ್ಸನ್ನು ಹಂತಹಂತವಾಗಿ ಕೊಡತೊಡಗಿತು. ನಮಗೂ ಅದು ಬೇಕೆಂದೇ ನನ್ನ ಅಭಿಪ್ರಾಯ.

ಆಮೇಲೆ ಬರುವುದು ನಡುವಯಸ್ಸಿನ ನೆಮ್ಮದಿಯ ಕಾಲ. ಅಪಘಾತದ ಸಾಧ್ಯತೆ ತಗ್ಗುತ್ತದೆ, ಜೊತೆಗೆ ಕಲಿಕೆಯೂ ನಿಲ್ಲುತ್ತದೆ. ತಪ್ಪಿಗೆ ಪ್ರತಿಸಲವೂ ಶಿಕ್ಷೆ ಇಲ್ಲದ ಕಡೆ ಮಿದುಳು ತಪ್ಪನ್ನೇ ರೂಢಿ ಮಾಡಿಕೊಳ್ಳುತ್ತದೆ. ಮುಂದಿನ ಗಾಡಿಗೆ ಅಂಟಿಕೊಂಡು ಓಡಿಸಿದರೂ ಸಾವಿರ ಸಲ ಏನೂ ಆಗಲಿಲ್ಲ, ಆದ್ದರಿಂದ ಅದೇ ಸರಿ ಅನ್ನಿಸುತ್ತದೆ. ಇಂಡಿಕೇಟರ್ ಹಾಕುವುದು ಬಿಟ್ಟುಹೋಗುತ್ತದೆ, ಎದುರಿನವರಿಗೆ ಡಿಪ್ಪರ್ ಕೊಡುವುದು ಮರೆತುಹೋಗುತ್ತದೆ. 1981ರಲ್ಲಿ ಓಲಾ ಸ್ವೆನ್‌ಸನ್ ನಡೆಸಿದ ಸಮೀಕ್ಷೆಯಲ್ಲಿ ಅಮೆರಿಕದ ಶೇ. 93ರಷ್ಟು ಜನ, ಸ್ವೀಡನ್ನಿನ ಶೇ. 69ರಷ್ಟು ಜನ ತಾವು ಉಳಿದ ಅರ್ಧದಷ್ಟು ಚಾಲಕರಿಗಿಂತ ಮೇಲು ಎಂದು ಹೇಳಿಕೊಂಡರು. ಗಾಡಿಗಳೂ ಈ ಭ್ರಮೆಗೆ ನೆರವಾಗಿವೆ. ಪವರ್ ಸ್ಟೇರಿಂಗ್ ಇಲ್ಲದ, ಡ್ರಮ್ ಬ್ರೇಕಿನ ಪದ್ಮಿನಿ ತನ್ನ ಮಿತಿಯನ್ನು ಕೈಗೂ ಕಾಲಿಗೂ ನೇರವಾಗಿ ಹೇಳುತ್ತಿತ್ತು. ಇಂದಿನ ಕಾರು ಗಂಟೆಗೆ ನೂರರಲ್ಲೂ ನಲವತ್ತರಂತೆ ಮೌನವಾಗಿರುತ್ತದೆ.

ಇನ್ನು ಮುಪ್ಪಿನ ಮಾತು. ಇದನ್ನು ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಮೊದಲು ಸೋಲುವುದು ಕೈಕಾಲಿನ ಆಮೇಲೆ ಪಳಗಿದ ಕಣ್ಣೇ. ಅರವತ್ತರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಸುಮಾರು ಮೂರನೇ ಒಂದು ಪಾಲು. ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟಿ ಬೆಳಕನ್ನು ಚೆದುರಿಸುತ್ತದೆ. ಮಳೆಗಾಲದ ರಾತ್ರಿ ಘೋಡ್‌ಬಂದರ್ ರಸ್ತೆಯಲ್ಲಿ ಎದುರಿನ ಲಾರಿಯ ಹೈ ಬೀಮ್ ಬಡಿದಾಗ ಈ ಚೆದುರಿದ ಬೆಳಕು ಕಣ್ಣೊಳಗೇ ಮಂಜಿನ ತೆರೆಯಾಗುತ್ತದೆ. ಲಾರಿ ದಾಟಿಹೋದ ಮೇಲೂ ಕಣ್ಣು ಚೇತರಿಸಿಕೊಳ್ಳಲು ಯುವಕರಿಗಿಂತ ಹೆಚ್ಚು ಹೊತ್ತು ಬೇಕು. ಅಷ್ಟರಲ್ಲಿ ನೀರು ತುಂಬಿದ ಗುಂಡಿ ಒದ್ದೆ ಡಾಂಬರಿನಷ್ಟೇ ಕಪ್ಪಾಗಿ ಕಾಣುತ್ತದೆ. ಕಪ್ಪಿನ ಮೇಲಿನ ಕಪ್ಪನ್ನು ಬೇರ್ಪಡಿಸುವ ಈ ಶಕ್ತಿ, ಬಿಳಿ ಹಲಗೆಯ ಕಪ್ಪಕ್ಷರ ಓದುವ ಪರೀಕ್ಷೆಯಲ್ಲಿ ಬಯಲಾಗುವುದೇ ಇಲ್ಲ.

ನಮ್ಮ ಕಾನೂನು ಕೇಳುವುದಾದರೂ ಏನು? ನಲವತ್ತು ದಾಟಿದವರು ನವೀಕರಣಕ್ಕೆ ವೈದ್ಯರ ಸಹಿಯ ನಮೂನೆ 1ಎ ಕೊಡಬೇಕು. ಅದರಲ್ಲಿರುವ ದೃಷ್ಟಿಯ ಒಂದು ಪ್ರಶ್ನೆ, ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟ್ ಗುರುತಿಸಬಲ್ಲರೇ ಎಂಬುದು. ಎಂಎಚ್ 04 ಇರಲಿ, ಎಂಎಚ್ 05 ಇರಲಿ, ಎಂಎಚ್ 43 ಇರಲಿ, ಹಗಲಲ್ಲಿ ಓದಬಹುದು. ರಾತ್ರಿಕುರುಡು ಇದೆಯೇ ಎಂದು ಆ ನಮೂನೆ ಕೇಳುತ್ತದಾದರೂ, ಜುಲೈ ತಿಂಗಳ ರಾತ್ರಿ ಕಣ್ಣಿಗೆ ಬಡಿಯುವ ಹೈ ಬೀಮಿನ ಬಗ್ಗೆ ಏನೂ ಕೇಳುವುದಿಲ್ಲ. 2019ರ ತಿದ್ದುಪಡಿಯ ಪ್ರಕಾರ 55 ದಾಟಿದವರು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಐದು ವರ್ಷದಲ್ಲಿ ಕಣ್ಣಿನ ಪೊರೆ ಬೆಳೆದು ಬಲಿಯಬಹುದು.

ಕಣ್ಣು ಚೆನ್ನಾಗಿದ್ದರೂ ಗಮನದ ವ್ಯಾಪ್ತಿ ಕುಗ್ಗಿರಬಹುದು. ಕಣ್ಣು, ತಲೆ ಅಲ್ಲಾಡಿಸದೆ ಒಂದು ಕ್ಷಣದಲ್ಲಿ ಎಷ್ಟು ಅಗಲದ ಸಂಗತಿಯನ್ನು ಮಿದುಳು ಹಿಡಿಯಬಲ್ಲದು ಎಂಬುದನ್ನು ಅಳೆಯುವ ಪರೀಕ್ಷೆಯೊಂದಿದೆ. ಅಮೆರಿಕದ ಅಲಬಾಮಾದಲ್ಲಿ ಸಿಂಥಿಯಾ ಔಸ್ಲಿ ಮತ್ತು ಸಂಗಡಿಗರು 55ರಿಂದ 87 ವಯಸ್ಸಿನ 294 ಚಾಲಕರನ್ನು ಮೂರು ವರ್ಷ ಹಿಂಬಾಲಿಸಿ, 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ಈ ವ್ಯಾಪ್ತಿ ಶೇ. 40 ಅಥವಾ ಹೆಚ್ಚು ಕುಗ್ಗಿದವರು ಅಪಘಾತಕ್ಕೆ ಸಿಲುಕುವ ಸಾಧ್ಯತೆ ಉಳಿದವರ 2.2 ಪಟ್ಟು ಇತ್ತು. ಎರಡು ಕಡೆಯಿಂದ ಗಾಡಿಗಳು ಸೇರಿಕೊಳ್ಳುವ ಕಾಪುರ್‌ಬಾವಡಿಯಂಥ ಜಾಗದಲ್ಲಿ, ಕತ್ತು ತಿರುಗಿಸಲು ನೋಯುವವರಿಗೆ ಈ ಕುಗ್ಗುವಿಕೆ ಎಷ್ಟು ದುಬಾರಿ ಎಂದು ಊಹಿಸಬಹುದು.

ಈಗ ಮೊದಲಿನ ಮಾತಿಗೆ ಬರೋಣ. ಕಣ್ಣು, ಗಮನ ಎರಡೂ ಸೋಲುತ್ತಿರುವಾಗ ಕೈಕಾಲಿನ ನೆನಪು ಮಾತ್ರ ಅಚ್ಚುಕಟ್ಟಾಗಿರುತ್ತದೆ. ಗೇರು ಬೆಣ್ಣೆಯಂತೆ ಬೀಳುತ್ತದೆ, ಹಿಮ್ಮುಖವಾಗಿ ಪಾರ್ಕಿಂಗ್ ಕರಾರುವಾಕ್ಕಾಗಿ ಆಗುತ್ತದೆ. ‘ನಲವತ್ತು ವರ್ಷ ಓಡಿಸಿದ್ದೇನೆ, ನನಗೇನಾಗಿದೆ?’ ಎಂದು ಹಿರಿಯರು ಕೇಳುವಾಗ ಅವರು ಸುಳ್ಳು ಹೇಳುತ್ತಿಲ್ಲ. ಕೈ ಹೇಳಿದ್ದನ್ನು ನಂಬಿದ್ದಾರೆ, ಅಷ್ಟೆ. ಅಪಾಯ ಇರುವುದು ಆ ನಂಬಿಕೆಯಲ್ಲಿ.

ಹಿರಿಯರನ್ನು ಸ್ಟೇರಿಂಗಿನಿಂದ ಎಬ್ಬಿಸಿಬಿಡಿ ಎಂದು ನಾನು ಹೇಳುತ್ತಿಲ್ಲ. ಅವರು ಹುಡುಗರಂತೆ ನುಗ್ಗುವವರಲ್ಲ. ಅವರ ವಯಸ್ಸಿನಲ್ಲಿ ಅಪಘಾತದ ಸಾವು ಹೆಚ್ಚಿರುವುದಕ್ಕೆ ಪೆಟ್ಟು ತಾಳದ ದೇಹವೂ ದೊಡ್ಡ ಕಾರಣ. ರಾತ್ರಿ ಬೇಡ, ಜಡಿಮಳೆಯಲ್ಲಿ ಬೇಡ, ಆಫೀಸು ಬಿಡುವ ಹೊತ್ತಿನಲ್ಲಿ ಶಿಳ್‌ಫಾಟಾ ಕಡೆಗೆ ಬೇಡ ಎಂದು ತಾವೇ ಗೆರೆ ಹಾಕಿಕೊಳ್ಳುವವರು ಹೆದರುಪುಕ್ಕಲರಲ್ಲ. ಸಂಶೋಧಕರು ಅದನ್ನೂ ಒಂದು ಚಾಲನಾ ಕೌಶಲ ಎಂದೇ ಎಣಿಸುತ್ತಾರೆ. ಪೊರೆಯ ಶಸ್ತ್ರಚಿಕಿತ್ಸೆಯಿಂದ ನೋಟ ಮರಳುತ್ತದೆ. ಗಮನದ ವೇಗಕ್ಕೂ ತರಬೇತಿ ಉಂಟು. ಅಮೆರಿಕದ ಆಕ್ಟಿವ್ ಅಧ್ಯಯನದಲ್ಲಿ ಅಂಥ ತರಬೇತಿ ಪಡೆದ ಹಿರಿಯರು ತಮ್ಮ ತಪ್ಪಿನಿಂದ ಮಾಡಿದ ಅಪಘಾತಗಳು ಮುಂದಿನ ಆರು ವರ್ಷಗಳಲ್ಲಿ ಸುಮಾರು ಅರ್ಧಕ್ಕಿಳಿದವು. ಊರಿನ ದೂರದ ಹಾದಿಗಂತೂ 1998ರಿಂದ ಕೊಂಕಣ ರೈಲು ಪೂರ್ಣವಾಗಿ ಓಡುತ್ತಿದೆ, ಥಾಣೆಯಲ್ಲೋ ಪನವೇಲಿನಲ್ಲೋ ಹತ್ತಿದರೆ ಸಾಕು.

ಅರವತ್ತು ದಾಟಿದ ಓದುಗರಲ್ಲಿ ಒಂದೇ ಕೋರಿಕೆ. ಮುಂದಿನ ಮಳೆಗಾಲಕ್ಕೆ ಮೊದಲು ಕಣ್ಣಿನ ವೈದ್ಯರ ಬಳಿ ಹೋದಾಗ ಅಕ್ಷರ ಓದಿ ಎದ್ದು ಬರಬೇಡಿ. ಪೊರೆ, ಕಾಂಟ್ರಾಸ್ಟ್, ಪಕ್ಕದ ದೃಷ್ಟಿ ಈ ಮೂರನ್ನೂ ಪರೀಕ್ಷಿಸಿ ಎಂದು ಬಾಯಿಬಿಟ್ಟು ಕೇಳಿ. ಮಕ್ಕಳೇ, ನೀವು ಒಂದು ಸಂಜೆ ಅಪ್ಪನ ಅಥವಾ ಅಮ್ಮನ ಪಕ್ಕದ ಸೀಟಿನಲ್ಲಿ ಕೂತು, ಫೋನು ಬದಿಗಿಟ್ಟು, ಅವರು ಗಾಡಿ ಓಡಿಸುವುದನ್ನು ನೋಡಿ.