ಹಸಿರು ದೀಪದ ಗಣಿತ

ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ಘಾಟಿಯ ಏಕಹಳಿಯಲ್ಲಿ ರೈಲು ಕಾಯುತ್ತಾ ನಿಂತರೆ ನಾವು ಇಲಾಖೆಯನ್ನು ಶಪಿಸುತ್ತೇವೆ. ನಮ್ಮನ್ನು ಕಾಯಿಸುವುದು ಸಿಗ್ನಲ್ ವ್ಯವಸ್ಥೆಯ ಮೂಲ ನಿಯಮ: ಎರಡು ನಿಲ್ದಾಣಗಳ ನಡುವೆ ಒಂದು ಹೊತ್ತಿಗೆ ಒಂದೇ ರೈಲು. ಹೊರಟ ರೈಲು ಮುಂದಿನ ನಿಲ್ದಾಣವನ್ನು ಪೂರ್ತಿ ಸೇರುವತನಕ ಇನ್ನೊಂದಕ್ಕೆ ಹಸಿರಿಲ್ಲ.

ಹೀಗಾಗಿ ದಾಟಲು ಅತಿ ಹೆಚ್ಚು ಹೊತ್ತು ಬೇಡುವ ಅಂತರವೇ ಇಡೀ ಮಾರ್ಗದ ಸಾಮರ್ಥ್ಯವನ್ನು ನಿರ್ಧರಿಸುತ್ತದೆ. ಅದಕ್ಕೆ 20 ನಿಮಿಷ ಬೇಕಾದರೆ, ಎರಡೂ ದಿಕ್ಕು ಸೇರಿ ಗಂಟೆಗೆ ಹೆಚ್ಚೆಂದರೆ ಮೂರು ರೈಲು. ಜೋಡಿಹಳಿಯಲ್ಲಾದರೆ ಸ್ವಯಂಚಾಲಿತ ಸಿಗ್ನಲ್‌ಗಳು ಈ ಅಂತರವನ್ನು ಸುಮಾರು ಒಂದು ಕಿಲೋಮೀಟರಿನ ತುಂಡುಗಳಾಗಿಸಿ, ಒಂದರ ಹಿಂದೊಂದು ರೈಲು ಓಡಲು ಅವಕಾಶ ನೀಡುತ್ತವೆ.

ಹೊಸ ರೈಲಿಗೆ ಬಾವುಟ ತೋರುವ ಜನಪ್ರತಿನಿಧಿಗಳು ಮೊದಲು ಜೋಡಿಹಳಿಗೆ, ಸಿಗ್ನಲ್‌ಗೆ ಹಣ ಕೇಳಲಿ ಎಂಬುದು ನನ್ನ ಆಗ್ರಹ. ಇಲ್ಲವಾದರೆ ಪ್ರತಿ ಹೊಸ ರೈಲೂ ಹಳೆಯ ರೈಲಿನ ಹೊತ್ತನ್ನೇ ಕಸಿಯುತ್ತದೆ.