ವೋಲ್ಗಾ ದಂಡೆ ಬಿಡದ 62ನೇ ಸೇನೆ

1942ರ ಸೆಪ್ಟೆಂಬರ್ 12. ಸ್ಟಾಲಿನ್‌ಗ್ರಾಡ್‌ನಲ್ಲಿ ಸೋವಿಯತ್ 62ನೇ ಸೇನೆಯ ಹೊಣೆ ವಾಸಿಲಿ ಚುಯ್ಕೊವ್ ಹೆಗಲೇರಿತು. ಸೇನೆ ಅಂತ ಹೆಸರು ದೊಡ್ಡದು, ಆದರೆ ಅಷ್ಟೊತ್ತಿಗಾಗಲೇ ಅದು ಸೋತು ಸೊರಗಿತ್ತು. ಎದುರಿಗೆ ಜರ್ಮನ್ ಟ್ಯಾಂಕುಗಳು, ಬೆನ್ನಿಗೆ ವೋಲ್ಗಾ ನದಿ.

ಸೆಪ್ಟೆಂಬರ್ 14ರ ರಾತ್ರಿ ರೊದಿಮ್‌ತ್ಸೆವ್ ಅವರ 13ನೇ ಗಾರ್ಡ್ಸ್ ಡಿವಿಷನ್, ಸುಮಾರು 10,000 ಮಂದಿ, ಈ ಸೇನೆಯ ನೆರವಿಗಾಗಿ ಗುಂಡಿನ ಮಳೆಯಲ್ಲೇ ದೋಣಿಗಳಲ್ಲಿ ನದಿ ದಾಟಲು ಶುರುಮಾಡಿತು. ಅವರಲ್ಲಿ ಕೊನೆಗೆ ಉಳಿದವರು ಬಹಳ ಕಡಿಮೆ.

ಚುಯ್ಕೊವ್ ಹೂಡಿದ ಉಪಾಯ ನೋಡಿ: ಜರ್ಮನ್ನರಿಗೆ ಆದಷ್ಟೂ ಅಂಟಿಕೊಂಡೇ ಇರಿ. ಆಗ ಅವರ ವಿಮಾನಗಳು ಬಾಂಬ್ ಹಾಕಿದರೆ ಅವರದೇ ಸೈನಿಕರು ಸಾಯಬೇಕು! ಸೋವಿಯತ್ ಭಾರಿ ಫಿರಂಗಿಗಳು ಮಾತ್ರ ನದಿಯಾಚೆಯ ದಂಡೆಯಲ್ಲಿ.

ಅಕ್ಟೋಬರ್‌ನಲ್ಲಿ ಇನ್ನೊಂದು ಫಜೀತಿ. ಕಮಾಂಡ್ ಪೋಸ್ಟ್ ಇದ್ದದ್ದು ತೈಲದ ಟ್ಯಾಂಕ್‌ಗಳ ಕೆಳಗೆ. ಅವು ಖಾಲಿ ಅಂತಲೇ ಎಲ್ಲರೂ ನಂಬಿದ್ದರು. ಬಾಂಬ್ ಬಿತ್ತು, ಉರಿಯುವ ಎಣ್ಣೆ ಬಂಕರ್‌ಗಳ ಪಕ್ಕದಲ್ಲೇ ನದಿಗೆ ಹರಿಯಿತು, ಫೋನ್ ತಂತಿಗಳು ಸುಟ್ಟುಹೋದವು. ಚುಯ್ಕೊವ್ ಜಾಗ ಬಿಟ್ಟು ಕದಲಲಿಲ್ಲ.

ನವೆಂಬರ್ 19ಕ್ಕೆ ಬೇರೆ ಸೋವಿಯತ್ ಸೇನೆಗಳು ಹೊರಗಿನಿಂದ ಪ್ರತಿದಾಳಿ ಶುರುಮಾಡಿ, ಕೆಲವೇ ದಿನಗಳಲ್ಲಿ ಜರ್ಮನ್ನರನ್ನು ಸುತ್ತುವರಿದವು. ಅಲ್ಲಿವರೆಗೆ ಅವರನ್ನು ನಗರದೊಳಗೆ ಸಿಕ್ಕಿಸಿಟ್ಟದ್ದು ಈ 62ನೇ ಸೇನೆ. ಶ್ರೇಯಸ್ಸು ಹಂಚುವಾಗ ಇದನ್ನು ಮರೆಯಬಾರದು.

1943ರಲ್ಲಿ ಈ ಸೇನೆಗೆ 8ನೇ ಗಾರ್ಡ್ಸ್ ಸೇನೆ ಎಂಬ ಹೊಸ ಹೆಸರು ಬಂತು. 1945ರ ಮೇ 1ರ ಬೆಳಗಿನ ಜಾವ, ಬರ್ಲಿನ್‌ನಲ್ಲಿ ಜರ್ಮನ್ ಜನರಲ್ ಕ್ರೆಬ್ಸ್ ಹಿಟ್ಲರ್ ಸತ್ತ ಸುದ್ದಿ ಹೊತ್ತು ಕದನವಿರಾಮ ಕೇಳಲು ಬಂದದ್ದು ಯಾರ ಹತ್ತಿರ ಗೊತ್ತಾ? ಇದೇ ಚುಯ್ಕೊವ್ ಹತ್ತಿರ.